ಮೂವತ್ತೊಂದರ ಜೊತೆ ರೈಲು ಪ್ರಯಾಣ

ನಿನ್ನೆ ಪೋಸ್ಟ್‌ಮ್ಯಾನ್ ಕೊಟ್ಟುಹೋದ ಲಕೋಟೆಯ ಬೆನ್ನಿಗೆ ಅರಗಿನ ಮುದ್ರೆಯಿತ್ತು. ಈಗೀಗ ಅರಗು ಯಾರು ಹಾಕುತ್ತಾರೆ ಹೇಳಿ. ಮೂಗಿನ ಹತ್ತಿರ ಹಿಡಿದೆ, ಅಷ್ಟೇ; ಥಟ್ಟನೆ ಮೇಜಿನ ಮೇಲಿಟ್ಟುಬಿಟ್ಟೆ. ಎಂಬತ್ತೈದು ದಾಟಿದ ಹೆಂಗಸು ಲಕೋಟೆಗೆ ಹೆದರಿದಳೆಂದು ನಗಬೇಡಿ. ಕೆಲವು ಹೆದರಿಕೆಗಳು ಎಕ್ಸ್‌ಪೈರ್ ಆಗುವುದಿಲ್ಲ.

ಐವತ್ತರ ದಶಕದ ನಡುವಿನ ಮಾತು. ಕಾನ್ವೆಂಟ್ ಮುಗಿಸಿ, ಮೈಸೂರಿನ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಜೂನಿಯರ್ ಇಂಟರ್‌ಮೀಡಿಯೆಟ್, ಅಂದರೆ ಈಗಿನ ಮೊದಲ ಪಿಯುಸಿಯಂಥದ್ದು, ಓದಿದೆ. ಓದಿದೆ ಅನ್ನುವುದು ದೊಡ್ಡ ಮಾತು. ನನ್ನ ಇಂಗ್ಲಿಷಿನ ಗತ್ತಿನಲ್ಲೇ ವರ್ಷ ಕಳೆದು, ಕೆಮಿಸ್ಟ್ರಿಯಲ್ಲಿ ನೂರಕ್ಕೆ ಮೂವತ್ತೊಂದು ತೆಗೆದೆ. ಅಂಕಪಟ್ಟಿಯನ್ನು ಟ್ರಂಕಿನ ತಳದ ಕಾಗದದ ಕೆಳಗೆ ಬಚ್ಚಿಟ್ಟೆ. ಅಷ್ಟರಲ್ಲಿ ಚಿಕ್ಕಪ್ಪನಿಗೆ ವರ್ಗವಾಗಿ, ನಾನು ಭದ್ರಾವತಿಗೆ ಬಂದೆ. ಅಪ್ಪ ಅಲ್ಲಿ ಕಬ್ಬಿಣದ ಕಾರ್ಖಾನೆಯಲ್ಲಿ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್. ಸೀನಿಯರ್ ವರ್ಷಕ್ಕೆ ಶಿವಮೊಗ್ಗದ ಕಾಲೇಜು ಎಂದು ನಿಶ್ಚಯವಾಯಿತು.

ಅಪ್ಲಿಕೇಶನ್ನಿನಲ್ಲಿ 'ಹಿಂದಿನ ಕಾಲೇಜಿನ ಅಂಕಗಳು' ಎಂಬ ಕಾಲಂ ಬಿಟ್ಟು ಉಳಿದದ್ದೆಲ್ಲ ದುಂಡಗೆ ತುಂಬಿದೆ. ಅಪ್ಪ ಸಹಿ ಮಾಡಿ ತಾವೇ ಅಂಚೆಗೆ ಹಾಕಿದರು. ಸೀಟು ಸಿಕ್ಕಿತು. ಸೇರಿದ ವಾರದಲ್ಲೇ ನೋಟೀಸ್ ಬೋರ್ಡಿನಲ್ಲಿ ಒಂದು ಚೀಟಿ: ಬೇರೆ ಕಾಲೇಜಿನಿಂದ ಬಂದವರ ಅಂಕಗಳನ್ನು ಅಲ್ಲಿಂದಲೇ ತರಿಸಿ ತಾಳೆ ನೋಡಲಾಗುವುದು, ಮುಚ್ಚಿಟ್ಟವರ ಹೆಸರು ತೆಗೆಯಲಾಗುವುದು. ಹೆಸರು ತೆಗೆದರೆ ನನ್ನ ಓದು ಅಲ್ಲಿಗೆ ಮುಗಿಯಿತು. ಮನೆಯಿಂದ ಹೋಗಿಬರುವಂಥ ಬೇರೆ ಕಾಲೇಜಿರಲಿಲ್ಲ.

ದಿನಾ ಬೆಳಗಿನ ರೈಲಿಗೆ ಹೋಗುತ್ತಿದ್ದೆ. ಬೀರೂರಿನ ಕಡೆಯಿಂದ ಬರುವ ಆ ರೈಲಿನಲ್ಲೇ ಮೈಸೂರಿನ ಟಪಾಲೂ ಬರುತ್ತಿತ್ತು. ಅಂದರೆ ನೋಡಿ, ನಾನು ಹೆಂಗಸರ ಡಬ್ಬಿಯಲ್ಲಿ, ನನ್ನ ಮೂವತ್ತೊಂದು ಟಪಾಲಿನ ಚೀಲದಲ್ಲಿ, ಇಬ್ಬರೂ ಒಂದೇ ಊರಿಗೆ. ಶಿವಮೊಗ್ಗಕ್ಕೆ ಮುಂಚಿನ ಮಲವಗೊಪ್ಪ ದಾಟುವಾಗಲೇ ಎದ್ದು ಬಾಗಿಲ ಹತ್ತಿರ ನಿಲ್ಲುತ್ತಿದ್ದೆ. ಶಿವಮೊಗ್ಗದಲ್ಲಿ ಅರಗಿನ ಮುದ್ರೆಯ ಚೀಲಗಳನ್ನು ಇಳಿಸುವುದನ್ನು ನೋಡದೆ ಸ್ಟೇಷನ್ ಬಿಡಲಾಗುತ್ತಿರಲಿಲ್ಲ.

ಜೊತೆಗೆ ಬರುತ್ತಿದ್ದ ಗಿರಿಜೆಗೆ ಮಾತ್ರ ಹೇಳಿದ್ದೆ.

"ಕೇಳಿದ್ರೆ ಹೇಳು. ಕೇಳ್ದೇ ಇದ್ರೆ ನೀನ್ಯಾಕೆ ಡಂಗುರ ಸಾರ್ತೀಯ ಮಾರಾಯ್ತಿ?"

"ಫಾರಮ್ಮಿನಲ್ಲೇ ಕೇಳಿದ್ದಾರಲ್ಲೇ."

"ಫಾರಮ್ಮು ಸಾವಿರ ಕೇಳತ್ತೆ. ಮನುಷ್ಯರು ಕೇಳಿದಾರಾ?"

ಎರಡು ದಿನ ಆ ಮಾತೇ ನನ್ನ ಗಂಜಿ. ಆದರೆ ಕಾನ್ವೆಂಟಿನ ಸಿಸ್ಟರ್ ಬೇರೆ ಪಾಠ ಹೇಳಿದ್ದರು: ಬಾಯಿ ಮುಚ್ಚಿಕೊಂಡೂ ಸುಳ್ಳು ಹೇಳಬಹುದು, ಗರ್ಲ್ಸ್. ಮೂರನೆಯ ದಿನ ಪ್ಯೂನ್ ಕ್ಲಾಸಿನ ಬಾಗಿಲಿಗೆ ಬಂದ. ಯಾರದೋ ಹೆಸರು ಕೂಗಿದ, ನನ್ನದಲ್ಲ. ಆದರೂ ಎದ್ದು ನಿಂತುಬಿಟ್ಟಿದ್ದೆ. ಆ ಮಧ್ಯಾಹ್ನ ಕಾಲೆಳೆದುಕೊಂಡು ಆಫೀಸಿಗೆ ಹೋದೆ.

"ಸಾರ್, ನನ್ನ ಫಾರಮ್ಮಿನಲ್ಲಿ ಒಂದು ಕಾಲಂ ಬಿಟ್ಟಿದ್ದೆ. ಬೇಕಂತಲೇ."

ಗುಮಾಸ್ತರು ಕನ್ನಡಕ ಏರಿಸಿ ಕಡತ ಬಿಚ್ಚಿದರು. "ಎಲ್ಲಿ ಬಿಟ್ಟಿದೀಯಮ್ಮ? ತುಂಬಿದೆಯಲ್ಲ. ಕೆಮಿಸ್ಟ್ರಿ ಮೂವತ್ತೊಂದು. ಪ್ರಿನ್ಸಿಪಾಲ್ರು ನೋಡಿಯೇ ಸೀಟು ಕೊಟ್ಟಿರೋದು. ಹೋಗು, ಕ್ಲಾಸಿಗೆ ಟೈಮಾಯ್ತು."

ಬಗ್ಗಿ ನೋಡಿದೆ. ನನ್ನ ಕಾನ್ವೆಂಟ್ ಅಕ್ಷರಗಳ ನಡುವೆ, ನಕ್ಷೆಯ ಮೇಲೆ ಅಳತೆ ಬರೆಯುವ ನೆಟ್ಟನೆಯ ಅಂಕಿಗಳು. ಅಪ್ಪನವು. ಟ್ರಂಕಿನ ತಳ ಯಾವಾಗ ನೋಡಿದ್ದರೋ.

ಸಂಜೆ ಅವರೆದುರು ನಿಂತು, "ಇವತ್ತು ಆಫೀಸಿಗೆ ಹೋಗಿದ್ದೆ ಅಪ್ಪ, ಮಾರ್ಕ್ಸ್ ಹೇಳೋಕೆ" ಎಂದೆ.

ಪೆನ್ಸಿಲ್ ಕೆತ್ತುತ್ತಿದ್ದವರು ತಲೆ ಎತ್ತಲಿಲ್ಲ. "ಹೂಂ. ಕೆಮಿಸ್ಟ್ರಿ ಯಾರ ಹತ್ರನಾದ್ರೂ ಹೇಳಿಸ್ಕೋಬೇಕೇನೋ." ಅಷ್ಟೇ. ಮುಂದೆಂದೂ ಆ ವಿಷಯ ಎತ್ತಲಿಲ್ಲ.

ಇಷ್ಟು ವರ್ಷ ಇದನ್ನು ನನ್ನ ಹೆದರಿಕೆಯ ಕಥೆ ಎಂದೇ ಇಟ್ಟುಕೊಂಡಿದ್ದೆ. ಇವತ್ತು ಬರೆಯುತ್ತ ಕೂತಾಗ ಒಂದು ನೆನಪಾಗಿ ಪೆನ್ನು ಕೆಳಗಿಟ್ಟೆ. ಫಾರಂ ಅಂಚೆಗೆ ಹಾಕಿದ ಮೇಲೆ, ಸೀಟು ಸಿಗುವವರೆಗೆ, ಅಪ್ಪ ಕಾರ್ಖಾನೆಯಿಂದ ಬಂದವರೇ ಚಪ್ಪಲಿ ಬಿಡುವ ಮೊದಲು ಕೇಳುತ್ತಿದ್ದರು: "ಟಪಾಲು ಏನಾದ್ರೂ ಬಂತಾ?" ಕೇಳುವಾಗ ನನ್ನ ಮುಖ ನೋಡುತ್ತಿರಲಿಲ್ಲ.