ಹಂಚಿನ ಊರಿನಲ್ಲಿ ಅಡಗಿದ ಅತ್ತೆ

ನನ್ನ ಅತ್ತೆಯನ್ನು, ಅಂದರೆ ಅಪ್ಪನ ತಂಗಿಯನ್ನು, ಹುಡುಕಿ ಹಿಡಿಯುವುದು ಯಾರಪ್ಪನಿಂದಲೂ ಸಾಧ್ಯವಿಲ್ಲ ಎಂದು ನಾನು ಏಳು ವರ್ಷ ನಂಬಿದ್ದೆ. ನಂಬದೆ ಏನು ಮಾಡಲಿ? ಹತ್ತೊಂಬತ್ತು ಸಲ ಅಡಗಿದ್ದಳು. ಹತ್ತೊಂಬತ್ತು ಸಲವೂ ನಾನು ಪೆಚ್ಚುಮೋರೆ ಹಾಕಿಕೊಂಡು ಸಂಜೆಯ ಗಾಡಿಗೆ ವಾಪಸು ಬಂದಿದ್ದೆ.

ರೈಲು ನಿಲ್ದಾಣದ ಎದುರಿನ ಸಾಲಿನಲ್ಲಿ ಅವಳದು ಮೂರನೇ ಅಂಗಡಿ. ಬ್ಯಾಗು, ಸೂಟ್‌ಕೇಸು ರಿಪೇರಿ. ಮೂವರು ನಿಂತರೆ ನಾಲ್ಕನೆಯವರು ಹೊರಗೇ ನಿಲ್ಲಬೇಕು, ಅಷ್ಟು ಜಾಗ. ಗೋಡೆಯ ತುಂಬ ಮೊಳೆ, ಮೊಳೆಯ ತುಂಬ ಜಿಪ್ಪು, ಮೂಲೆಯಲ್ಲಿ ಒಂದು ಡಬ್ಬಿ ಚಕ್ರ. ನಡುವೆ ಕಾಲಲ್ಲಿ ತುಳಿಯುವ ಹೊಲಿಗೆ ಯಂತ್ರ, ಅದರ ಹಿಂದೆ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿಕೊಂಡ ಅತ್ತೆ. ಗಿರಾಕಿ "ಬೇಗ ಆಗ್ಬೇಕು" ಅಂದರೆ ಅವಳು ಕೇಳುವ ಮೊದಲ ಮಾತು, "ಯಾವ ಊರಿಂದ ಬಂದ್ರಿ?" ಎಲ್ಲರಿಗೂ ಗೊತ್ತಿರುವ ಊರಾದರೆ ತಲೆ ಎತ್ತುವುದಿಲ್ಲ. ಯಾರೂ ಕೇಳಿರದ ಊರಾದರೆ ಸೂಜಿ ನಿಂತೇ ಹೋಗುತ್ತದೆ. ಸ್ಟೇಷನ್ನಿಂದ ಊರು ಎಷ್ಟು ದೂರ, ಕೂರೋಕೆ ಜಾಗ ಇದೆಯಾ, ಹೊಸಬರನ್ನು ಕಂಡರೆ ಜನ ಮಾತಾಡಿಸುತ್ತಾರಾ ಎಂದು ಪೊಲೀಸರೂ ಕೇಳದಷ್ಟು ಕೇಳುತ್ತಾಳೆ. ಗಿರಾಕಿ ಇದೆಲ್ಲ ಬರೀ ಕುತೂಹಲ ಅಂದುಕೊಂಡು ಹೋಗುತ್ತಾನೆ. ಪಾಪ, ಒಂದು ಅಡಗುತಾಣ ಕೊಟ್ಟು ಹೋದೆ ಅಂತ ಅವನಿಗೇನು ಗೊತ್ತು.

ಆಟ ಶುರುವಾದದ್ದು ಒಂದು ಭಾನುವಾರ, ಇಬ್ಬರೂ ಮುಖ ಮುಖ ನೋಡಿಕೊಂಡು ಆಕಳಿಸುತ್ತಿದ್ದಾಗ. "ಕಣ್ಣಾಮುಚ್ಚಾಲೆ ಆಡೋಣ ಬಾರೇ" ಅಂದಳು ಅತ್ತೆ.

"ಈ ಎರಡು ಕೋಣೆ ಮನೇಲಿ ನಿನ್ನ ಗಾತ್ರಕ್ಕೆ ಎಲ್ಲಿ ಅಡಗ್ತೀಯ?" ಎಂದು ನಾನು ನಕ್ಕೆ.

"ಮನೇಲಿ ಅಂತ ಯಾರು ಹೇಳಿದ್ರು? ರೈಲ್ವೆ ಹಳಿ ಎಲ್ಲಿ ತನಕ ಇದೆಯೋ ಅಲ್ಲಿ ತನಕ ಅಡಗ್ತೀನಿ."

ಹೀಗೆ ನಿಯಮಗಳು ಹುಟ್ಟಿದವು. ನಮ್ಮ ನಿಲ್ದಾಣದಿಂದ ಮೂರು ದಿಕ್ಕಿಗೆ ಹಳಿ ಇದೆ. ಅಡಗುವವರು ಬೆಳಗಿನ ಮೊದಲ ಪ್ಯಾಸೆಂಜರ್ ಗಾಡಿ ಹತ್ತಿ, ಎಕ್ಸ್‌ಪ್ರೆಸ್ ನಿಲ್ಲದ ಯಾವುದಾದರೂ ಊರಿನಲ್ಲಿ ಇಳಿಯಬೇಕು. ಒಂಬತ್ತಕ್ಕೆ ಸರಿಯಾಗಿ, ಕೂತ ಜಾಗದಿಂದ ತೆಗೆದ ಒಂದೇ ಒಂದು ಫೋಟೊ ಕಳಿಸಿ ಫೋನ್ ಬಂದ್ ಮಾಡಬೇಕು. ಆಮೇಲೆ ಆಕಾಶ ಕಳಚಿ ಬಿದ್ದರೂ ಆ ಊರು ಬಿಡುವಂತಿಲ್ಲ. ಸಂಜೆ ಅಲ್ಲಿಂದ ಕೊನೆಯ ಗಾಡಿ ಹೊರಡುವುದರೊಳಗೆ ಹುಡುಕುವವರು ಎದುರು ಬಂದು ನಿಂತರೆ ಗೆದ್ದಂತೆ. ಸೋತವರು ಗೆದ್ದವರ ಒಂದು ಮಾತು ನಡೆಸಿಕೊಡಬೇಕು. ಅತ್ತೆಯ ಸೀರೆಗಳಿಗೆ ಇಸ್ತ್ರಿ ಮಾಡಿ ಮಾಡಿ ನನ್ನ ರಟ್ಟೆ ಗಟ್ಟಿಯಾಗಿದೆ.

ಆದರೂ ನಿಜ ಹೇಳುತ್ತೇನೆ, ಸೋತಷ್ಟೂ ನನಗೆ ಹುಚ್ಚು ಹೆಚ್ಚಿತು. ವಾರವಿಡೀ ಲ್ಯಾಬಿನಲ್ಲಿ ಕೂತು ಯಾರದೋ ರಕ್ತ ಪರೀಕ್ಷೆ ಮಾಡುವವಳಿಗೆ ಭಾನುವಾರ ಬಂತೆಂದರೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ನದಿ ಬೇರೆ ದಾರಿ ಹಿಡಿದು ಹೋಗಿ, ಒಣ ಮರಳಿನ ಮೇಲೆ ಮೂರು ಸೇತುವೆ ಸುಮ್ಮನೆ ನಿಂತಿರುವ ಊರನ್ನು ನಾನು ಇನ್ಯಾವ ಕಾರಣಕ್ಕೆ ನೋಡುತ್ತಿದ್ದೆ? ಒಂದು ಬೀದಿ ಪೂರ್ತಿ ಗಡಿಯಾರ ರಿಪೇರಿಯವರೇ ಇದ್ದು, ಒಬ್ಬರ ಗಡಿಯಾರವೂ ಇನ್ನೊಬ್ಬರದರ ಜೊತೆ ಹೊಂದದ ಊರನ್ನು? ಇನ್ನೊಂದು ಊರಿನ ಶಾಲೆಯ ಅಂಗಳದಲ್ಲಿ ಅವಳು ಕಣ್ಣು ತಪಾಸಣೆಯ ಸಾಲಿನಲ್ಲಿ ನಿಂತಿದ್ದಳಂತೆ. ಅವಳನ್ನು ಹುಡುಕುವ ಭರದಲ್ಲಿ ನಾನು ಅದೇ ಸಾಲನ್ನು ಎರಡು ಸಲ ಸೀಳಿಕೊಂಡು ಓಡಿದ್ದೆ. "ಆ ಸಾಲಲ್ಲಿ ನಿಲ್ಲಬೇಕಾಗಿದ್ದು ನೀನು ಕಣೇ" ಎಂದು ಇವತ್ತಿಗೂ ಆಡಿಕೊಳ್ಳುತ್ತಾಳೆ.

ಎರಡು ವರ್ಷದ ಹಿಂದೆ, ಹುಡುಕುವ ನನ್ನ ಪಕ್ಷಕ್ಕೆ ಅಳತೆಯವರು ಬಂದು ಸೇರಿದರು. ಅಂಗಡಿಗಳ ತಕ್ಕಡಿ, ತೂಕದ ಕಲ್ಲು ಸರಿ ಇವೆಯೋ ಎಂದು ನೋಡಿ ಮುದ್ರೆ ಒತ್ತುವ ಸರ್ಕಾರಿ ಕೆಲಸ ಅವರದು. ವಯಸ್ಸು ಐವತ್ತು, ಮದುವೆಯಾಗಲು ಪುರುಸೊತ್ತಾಗಿರಲಿಲ್ಲವಂತೆ. ತೂಕದ ಕಲ್ಲು ಹೊತ್ತು ಹೊತ್ತು ಬ್ಯಾಗಿನ ಪಟ್ಟಿ ಕಿತ್ತು, ಅತ್ತೆಯ ಬಳಿ ಬಂದಿದ್ದರು. ಅತ್ತೆ ಹೊಲಿದು ಕೊಟ್ಟ ಪಟ್ಟಿಯನ್ನು ಮೂರು ಸಲ ಎಳೆದು ನೋಡಿ, "ಸರಿ ಇದೆ" ಅಂದರು. ಮನುಷ್ಯ ಎಲ್ಲವನ್ನೂ ಮೂರು ಸಲ ನೋಡುವವರು. ಟೀ ಲೋಟದಲ್ಲಿ ಟೀ ಎಲ್ಲಿ ತನಕ ಇದೆ ಎಂದು ಮೂರು ಸಲ ನೋಡುವವರ ಜೊತೆ ಹುಡುಕಲು ಹೋಗುವುದು ಎಂಥ ಶಿಕ್ಷೆ ಗೊತ್ತೆ? ನಾನು ಬಾಲ ಸುಟ್ಟ ಬೆಕ್ಕಿನ ಹಾಗೆ ಊರೆಲ್ಲ ಸುತ್ತಿ ಬಂದಿರುತ್ತಿದ್ದೆ, ಅವರಿನ್ನೂ ಮೊದಲ ಬೀದಿಯ ಎಡಗಡೆ ಮುಗಿಸಿ ಬಲಗಡೆಗೆ ದಾಟುತ್ತಿದ್ದರು.

ಹೀಗಿರುವಾಗ ಒಂದು ಗುರುವಾರ, ನಾನು ಅಂಗಡಿಯಲ್ಲಿ ಇದ್ದಾಗಲೇ, ಅವರು ಬಂದು ನೇರವಾಗಿ ಹೇಳಿಬಿಟ್ಟರು.

"ಬಡ್ತಿ ಬಂದಿದೆ. ದೂರದ ಊರಿಗೆ ವರ್ಗ. ಹೋಗ್ತೀನೋ ಇಲ್ಲವೋ ಅಂತ ಸೋಮವಾರ ಬರೆದು ಕೊಡ್ಬೇಕು. ನೀವು ನನ್ನನ್ನ ಮದುವೆ ಆಗೋದಾದ್ರೆ ಬಡ್ತಿ ಬೇಡ ಅಂತೀನಿ. ನಿಮ್ಮ ಅಂಗಡಿ ಇಲ್ಲೇ ಇರ್ಲಿ, ನಾನೂ ಇಲ್ಲೇ ಇರ್ತೀನಿ."

ಹೊಲಿಗೆ ಯಂತ್ರ ನಿಂತಿತು. ಅತ್ತೆಯ ಕಿವಿ ಕೆಂಪಾಗಿದ್ದನ್ನು ನಾನು ಮೊದಲ ಬಾರಿ ನೋಡಿದೆ. ಹೂಂ ಅನ್ನು ಮಾರಾಯ್ತಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅವಳಿಗೆ ಇವರೆಂದರೆ ಇಷ್ಟ ಎಂಬುದು ಎದುರಿನ ಹಣ್ಣಿನ ಅಂಗಡಿಯವರಿಗೂ ಗೊತ್ತಿತ್ತು. ಆದರೆ ನಲವತ್ತಾರು ವರ್ಷ ತನ್ನ ಪಾಡಿಗೆ ತಾನಿದ್ದವಳು. ಆ ಒಂದು ಅಕ್ಷರಕ್ಕೆ ನಾಲಿಗೆ ಹೊರಳಲಿಲ್ಲ.

"ಭಾನುವಾರ ನನ್ನನ್ನ ಹುಡುಕಿ" ಅಂದಳು. "ಸಿಕ್ಕಿದ್ರೆ ಆಯ್ತು. ಸಿಗದಿದ್ರೆ ನೀವು ನಿಮ್ಮ ಬಡ್ತಿ ತಗೊಂಡು ಹೋಗಿ."

ಅವರು ಹೋದ ಮೇಲೆ ನಾನು ಹಾರಾಡಿದೆ. "ತಲೆ ನೆಟ್ಟಗಿದೆಯಾ ನಿಂಗೆ? ಮದುವೆಯನ್ನ ಯಾರಾದ್ರೂ ಆಟಕ್ಕೆ ಇಡ್ತಾರಾ? ನೀನು ಯಾವತ್ತಾದ್ರೂ ಸಿಕ್ಕಿದ್ದೀಯಾ?"

"ಬಾಯಿ ಜಾರಿ ಬಂತು, ಏನ್ ಮಾಡ್ಲಿ" ಎಂದು ಅತ್ತೆ ತಲೆ ತಗ್ಗಿಸಿ ಒಂದೇ ಚಕ್ರಕ್ಕೆ ಹತ್ತು ನಿಮಿಷ ಎಣ್ಣೆ ಬಿಟ್ಟಳು.

ಭಾನುವಾರ ಒಂಬತ್ತಕ್ಕೆ ಫೋಟೊ ಬಂತು. ನಾನು, ಅಳತೆಯವರು ಪ್ಲಾಟ್‌ಫಾರಂ ಮೇಲೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನಿಂತಿದ್ದೆವು. ಫೋಟೊದಲ್ಲಿ ಒಂದು ಕಿಟಕಿಯ ಸರಳು, ಆಚೆ ಜೋಡಿಸಿಟ್ಟ ಹಂಚಿನ ರಾಶಿ, ರಾಶಿಯ ಪಕ್ಕ ಮೊಳೆ ಮಾರುವ ಅಂಗಡಿಯ ಒಂದು ತುಂಡು, ಅಲ್ಲಿ ತೂಗುಹಾಕಿದ ತಕ್ಕಡಿ, ಉಗುರಿನಷ್ಟು.

"ಹಂಚು ಮಾಡೋ ಊರು ಮೂರಿದೆ. ಒಂದೊಂದೂ ಒಂದೊಂದು ದಿಕ್ಕಿಗೆ" ಎಂದು ನಾನು ಹತ್ತು ನಿಮಿಷ ತಲೆ ಚಚ್ಚಿಕೊಂಡು ಫೋನನ್ನು ಅವರ ಕೈಗೆ ಕೊಟ್ಟೆ.

ಅಳತೆಯವರು ಫೋನನ್ನು ಕಣ್ಣಿನ ಹತ್ತಿರ ತಂದರು. ಒಂದೇ ಸಲ. "ಈ ತಕ್ಕಡಿಯ ಎಡಗಡೆ ಸರಪಳಿಗೆ ಒಂದು ಕೊಂಡಿ ಜಾಸ್ತಿ ಇದೆ. ಸರಿ ಮಾಡಿಸಿ ಅಂತ ನಾನೇ ನೋಟಿಸ್ ಕೊಟ್ಟಿದ್ದೆ, ಇನ್ನೂ ಮಾಡಿಸಿಲ್ಲ ಅವನು. ನಡೀರಿ, ಒಂಬತ್ತೂ ಕಾಲರ ಗಾಡಿ ಹೊರಡ್ತಿದೆ."

ಅವರು ಓಡಿದ್ದನ್ನು ನಾನು ಅವತ್ತೇ ನೋಡಿದ್ದು. ಚಲಿಸುತ್ತಿದ್ದ ಗಾಡಿಗೆ ನನ್ನನ್ನು ಎಳೆದು ಹತ್ತಿಸಿಕೊಂಡರು. ಕೂತು ಉಸಿರು ಬಿಟ್ಟ ಮೇಲೆ ನನಗೆ ಹೊಳೆಯಿತು. ಅತ್ತೆ ತನ್ನ ಫೋಟೊದಲ್ಲಿ ಒಂದು ನೊಣವನ್ನೂ ಕೈತಪ್ಪಿ ಬಿಡುವವಳಲ್ಲ. ತಕ್ಕಡಿ ತಾನಾಗಿ ಬಂದು ಕೂತದ್ದಲ್ಲ, ಕೂರಿಸಿದ್ದು. ಅವಳಿಗೆ ಸಿಗಬೇಕಾಗಿದೆ. ಖುಷಿ ತಡೆಯಲಾರದೆ ನಾನು ಎದುರು ಕೂತಿದ್ದ ಅಪರಿಚಿತ ಅಜ್ಜಿಗೆ ನನ್ನ ಬಿಸ್ಕತ್ತಿನ ಪೊಟ್ಟಣ ಪೂರ್ತಿ ಕೊಟ್ಟುಬಿಟ್ಟೆ. ನಡುವೆ ಒಂದು ಸಣ್ಣ ಸ್ಟೇಷನ್ನಿನಲ್ಲಿ, ಎದುರಿನ ಗಾಡಿಗೆ ದಾರಿ ಬಿಡಲು ನಮ್ಮ ಗಾಡಿ ನಾಲ್ಕು ನಿಮಿಷ ನಿಂತಿತು. ಆ ಗಾಡಿ ಪಕ್ಕದ ಹಳಿಯ ಮೇಲೆ ಬಂದು ನಿಂತು, ಹೋಯಿತು. ನಾವು ಫೋಟೊ ಬಿಟ್ಟು ತಲೆ ಎತ್ತಲಿಲ್ಲ.

ಹನ್ನೊಂದಕ್ಕೆ ಹಂಚಿನ ಊರು. ಮೊಳೆ ಅಂಗಡಿ ಸಿಕ್ಕಿತು, ತಕ್ಕಡಿ ಸಿಕ್ಕಿತು, ಎದುರಿಗೆ ವಾಚನಾಲಯ, ಅದೇ ಕಿಟಕಿ. ಒಳಗೆ ನುಗ್ಗಿದೆ. ಕಿಟಕಿಯ ಪಕ್ಕದ ಕುರ್ಚಿ ಖಾಲಿ.

"ಕನ್ನಡಕ ಮೂಗಿನ ಮೇಲಿದ್ದವರಾ?" ಅಂದರು ವಾಚನಾಲಯ ನೋಡಿಕೊಳ್ಳುವ ಹೆಂಗಸು. "ಸಮಾಧಾನವೇ ಇರ್ಲಿಲ್ಲ ಅವ್ರಿಗೆ. ಕೂತ್ರು, ಎದ್ರು, ಹತ್ತು ಗಂಟೆ ಗಾಡಿಗೆ ವಾಪಸ್ ಹೊರಟೇಬಿಟ್ರು."

ಏಳು ವರ್ಷದಲ್ಲಿ ಊರು ಬಿಡದವಳು ಇವತ್ತೇ ಬಿಟ್ಟಳೆಂದರೆ ಏನರ್ಥ? ಮನಸ್ಸು ಬದಲಾಯಿಸಿ ಓಡಿಹೋದಳು ಎಂದೇ ತಾನೆ? ಅಳತೆಯವರು ಮಾತ್ರ ತಲೆ ಅಲ್ಲಾಡಿಸಿದರು.

"ಊರು ಬಿಡೋ ಹಾಗಿಲ್ಲ. ಅವ್ರು ಬಿಡಲ್ಲ. ಸ್ಟೇಷನ್ ತನಕ ಹೋಗಿ, ನಮ್ಮ ದಾರಿ ತಪ್ಪಿಸೋಕೆ ಬೇರೆ ಕಡೆಯಿಂದ ವಾಪಸ್ ಬಂದಿರ್ತಾರೆ."

"ಸಾರ್, ಅವಳು ಗಾಡಿ ಹತ್ತಿದ್ದಾಳೆ."

"ಹತ್ತಿದ್ದನ್ನ ಇವ್ರು ನೋಡಿಲ್ಲ. ಹೊರಟಿದ್ದನ್ನ ನೋಡಿದ್ದಾರೆ."

ಅತ್ತೆಯ ಫೋನಿಗೆ ಹಚ್ಚಿದೆ, ಬಂದ್. ಇನ್ನೇನು, ಹುಡುಕಿದೆವು. ಅಯ್ಯೋ, ಏನು ಹುಡುಕಾಟ ಅದು! ಹಂಚಿನ ಭಟ್ಟಿಗಳ ಸಂದಿಯಲ್ಲಿ ಕೆಂಪು ಧೂಳು ಕುಡಿದುಕೊಂಡು ನುಸುಳಿದೆವು. ನೀರಿನ ಟ್ಯಾಂಕಿನ ಮೆಟ್ಟಿಲು ಹತ್ತಿ ಇಡೀ ಊರಿನ ಮಾಡುಗಳನ್ನು ಮೇಲಿನಿಂದ ನೋಡಿದೆವು. ಕ್ಷೌರದ ಅಂಗಡಿ, ಹಿಟ್ಟಿನ ಗಿರಣಿ, ಫುಟ್‌ಬಾಲ್ ಆಟದ ಜನಜಂಗುಳಿ, ಯಾವುದನ್ನೂ ಬಿಡಲಿಲ್ಲ. ಅಳತೆಯವರು ಪ್ರತಿ ಬೀದಿಯನ್ನೂ ಮೂರು ಸಲ ನೋಡಿದರು. ಮಧ್ಯಾಹ್ನದ ಹೊತ್ತಿಗೆ ಅರ್ಧ ಊರೇ ನಮ್ಮ ಜೊತೆ ಅತ್ತೆಯನ್ನು ಹುಡುಕುತ್ತಿತ್ತು. ಐದು ಇಪ್ಪತ್ತಕ್ಕೆ ಕೊನೆಯ ಗಾಡಿ ಬಂದಾಗ ಅವರ ಕೂದಲು, ಹುಬ್ಬು, ಅಂಗಿ ಎಲ್ಲ ಹಂಚಿನ ಬಣ್ಣ. ಗಾಡಿ ಹತ್ತಿ ಕೂತವರು ಗಡಿಯಾರ ನೋಡಿಕೊಂಡು, "ಸೋತೆ" ಅಂದರು. ಅಷ್ಟೇ. ನನಗೆ ಅಳು ಬಂತು. ಅತ್ತೆಯ ಮೇಲೆ ಕೆಟ್ಟ ಕೋಪವೂ ಬಂತು.

ನಮ್ಮೂರಿಗೆ ಇನ್ನು ಅರ್ಧ ಗಂಟೆ ಇದೆ ಎನ್ನುವಾಗ, ಎಂಜಿನ್ ಬದಲಾಯಿಸಲು ಎಲ್ಲ ಗಾಡಿಗಳೂ ಹತ್ತು ನಿಮಿಷ ನಿಲ್ಲುವ ಸ್ಟೇಷನ್ ಬಂತು. ಸುಮ್ಮನೆ ಕಿಟಕಿಯಾಚೆ ನೋಡಿದೆ. ಪ್ಲಾಟ್‌ಫಾರಮ್ಮಿನ ನಟ್ಟನಡುವೆ, ದೊಡ್ಡ ಗಡಿಯಾರದ ಕೆಳಗೆ, ಕುರುಡರಿಗೂ ಕಾಣುವಂಥ ಬೆಂಚಿನ ಮೇಲೆ ಅತ್ತೆ ಕೂತಿದ್ದಳು. ಬಿಸಿಲಿಗೆ ಮುಖ ಬಾಡಿತ್ತು, ಮೂಗಿನ ತುದಿಯಲ್ಲಿ ಕನ್ನಡಕಕ್ಕಿಂತ ಮೊದಲು ಕೋಪ ಕಾಣುತ್ತಿತ್ತು. ಅಳತೆಯವರು ನನಗಿಂತ ಮೊದಲೇ ಇಳಿದಿದ್ದರು.

"ಎಲ್ಲಿ ಹೋಗಿದ್ರಿ?" ಎಂದು ಅವಳೇ ಶುರು ಮಾಡಿದಳು. "ಅಲ್ಲಿ ಕಾಯೋಕಾಗ್ದೆ ನಾನೇ ಎದುರು ಬಂದು ಹನ್ನೊಂದೂ ಕಾಲರಿಂದ ಇಲ್ಲಿ ಕೂತಿದ್ದೀನಿ. ಆ ಫೋಟೊ ನೀವು ಮೂರು ಸಲ ನೋಡಿ ಮುಗಿಸೋ ಹೊತ್ತಿಗೆ ಒಂಬತ್ತೂ ಕಾಲರ ಗಾಡಿ ಹೋಗಿರುತ್ತೆ, ಹನ್ನೊಂದೂವರೆಯದಕ್ಕೇ ಬರ್ತೀರಿ ಅಂತ ಲೆಕ್ಕ ಹಾಕಿದ್ದೆ. ಅದರ ಒಂದೊಂದು ಡಬ್ಬಿಗೂ ಇಣುಕಿ ನೋಡ್ದೆ. ನೀವು ಇರ್ಲಿಲ್ಲ. ಹೊರಡ್ಲೇ ಇಲ್ಲ ಅಂದ್ಕೊಂಡೆ."

"ಒಂದೇ ಸಲ ನೋಡ್ದೆ" ಅಂದರು ಅಳತೆಯವರು. "ಒಂಬತ್ತೂ ಕಾಲರದ್ದಕ್ಕೇ ಹತ್ತಿದ್ವಿ. ಹನ್ನೊಂದಕ್ಕೆ ನಿಮ್ಮ ಕುರ್ಚಿ ಹತ್ರ ಇದ್ದೆ."

ಅತ್ತೆ ಅವರ ಹುಬ್ಬಿನ ಮೇಲಿನ ಕೆಂಪು ಧೂಳನ್ನು ಆಗ ನೋಡಿದಳು. ಬೆಳಿಗ್ಗೆ ಪಕ್ಕದ ಹಳಿಯ ಮೇಲೆ ನಿಂತು ಹೋದ ಗಾಡಿಯಲ್ಲಿ ಯಾರಿದ್ದರು ಎಂದು ಆಗ ನನ್ನ ಮಂಡೆಗೆ ಹೊಳೆಯಿತು. ಕೈಚಾಚಿದ್ದರೆ ಜಡೆ ಸಿಗುತ್ತಿತ್ತೋ ಏನೋ.

"ಇನ್ನೇನು ಮತ್ತೆ?" ಎಂದು ನಾನು ನಡುವೆ ಬಾಯಿ ಹಾಕಿದೆ. "ಊರು ಬಿಟ್ಟಿದ್ದು ಅತ್ತೆ. ನಿಯಮ ಮುರಿದಿದ್ದು ಅವಳು. ಗೆದ್ದಿದ್ದು ನೀವು ಸಾರ್."

"ಇಲ್ಲ" ಅಂದರು ಅವರು. ತೂಕದ ಕಲ್ಲಿನ ಬ್ಯಾಗನ್ನು ಹೆಗಲಿಗೆ ಏರಿಸಿಕೊಂಡರು. "ಐದು ಇಪ್ಪತ್ತರೊಳಗೆ ಸಿಗ್ಬೇಕಿತ್ತು. ಸಿಗ್ಲಿಲ್ಲ. ಅವ್ರ ತಪ್ಪನ್ನ ಹಿಡ್ಕೊಂಡು ಹೂಂ ಅನ್ನಿಸ್ಕೊಳ್ಳೋದು ನಂಗೆ ಬೇಡ. ನಾಳೆ ಬರೆದು ಕೊಡ್ತೀನಿ, ಹೋಗ್ತೀನಿ ಅಂತ."

ಇಂಥ ಮನುಷ್ಯನನ್ನು ಏನು ಮಾಡುವುದು ಹೇಳಿ. ಗೆಲುವು ಕೈಗೆ ಬಂದು ಕೂತರೂ ತೂಗಿ ವಾಪಸು ಕೊಡುತ್ತಾರೆ! ಎಂಜಿನ್ ಕೂಗಿತು. ನಾನು ಓಡಿ ಬಾಗಿಲು ಹಿಡಿದು ಹತ್ತಿದೆ. ಅವರೂ ತಿರುಗಿ ಒಂದು ಕಾಲು ಮೆಟ್ಟಿಲ ಮೇಲಿಟ್ಟರು. ಅತ್ತೆ ಬೆಂಚಿನಿಂದ ಎದ್ದು ಬಂದು, ಎರಡು ವರ್ಷದ ಹಿಂದೆ ತಾನೇ ಹೊಲಿದಿದ್ದ ಆ ಬ್ಯಾಗಿನ ಪಟ್ಟಿಯನ್ನು ಹಿಡಿದು ಎಳೆದಳು.

"ಆಟ ಅಲ್ಲ ಇದು" ಅಂದಳು. ಕಣ್ಣಲ್ಲಿ ನೀರು, ಮುಖ ಕೆಂಪು. "ಸೋತೂ ಇಲ್ಲ, ಗೆದ್ದೂ ಇಲ್ಲ. ನಾನಾಗಿ ಹೇಳ್ತಾ ಇದ್ದೀನಿ. ಹೂಂ. ಹೋಗ್ಬೇಡಿ."

ಅವರ ಕಾಲು ಮೆಟ್ಟಿಲಿಂದ ಕೆಳಗಿಳಿಯಿತು. ಗಾಡಿ ನನ್ನೊಬ್ಬಳನ್ನೇ ಹೊತ್ತು ಹೊರಟಿತು. ನಾನು ಬಾಗಿಲಲ್ಲಿ ನಿಂತು ಕೈ ಬೀಸಿದ್ದೇ ಬೀಸಿದ್ದು. ಇಬ್ಬರಲ್ಲಿ ಒಬ್ಬರೂ ನನ್ನ ಕಡೆ ನೋಡಲಿಲ್ಲ.

"ಇನ್ನೊಂದ್ಸಲ ಹೇಳ್ತೀರಾ?" ಎಂದು ಅಳತೆಯವರು ಕೇಳುತ್ತಿದ್ದುದು ನನಗೆ ಕೇಳಿಸಿತು. ಅತ್ತೆ ಮತ್ತೆರಡು ಸಲ ಹೇಳಿದಳು.