ಒಂದೇ ಪಟ್ಟಿ, ಎರಡು ಗಡಸುತನ

ಧಾರವಾಡದಲ್ಲಿ ಓದು ಮುಗಿಸಿ, ಪುಣೆಯ ಲೋಹ ಪರೀಕ್ಷೆಯ ಲ್ಯಾಬೊಂದಕ್ಕೆ ಸೇರಿದ ಮೊದಲ ವರ್ಷದ ಮಾತು. ನಮ್ಮ ಹಿರಿಯ ಮೇಡಂ ಬೆಳಗಾವಿಯವರು. ಎಲ್ಲರೊಡನೆ ಮರಾಠಿ, ನನ್ನೊಡನೆ ಮಾತ್ರ ಕನ್ನಡ.

ಒಂದು ಬೆಳಿಗ್ಗೆ ಪುಣೆ ಹತ್ತಿರದ ಭೋರ್ ಕಡೆ ಸಣ್ಣ ಕಾರ್ಖಾನೆ ನಡೆಸುವ ಕನ್ನಡಿಗರೊಬ್ಬರು ಸಿಟ್ಟಿನಿಂದ ಬಂದರು. ಸ್ವಿಚ್ಚಿನೊಳಗೆ ಕೂರುವ ತೆಳು ಉಕ್ಕಿನ ಪಟ್ಟಿ ಅವರ ಮಾಲು. ಪಟ್ಟಿ ಸಾಕಷ್ಟು ಗಡಸಾಗಿದೆ ಎಂದು ನಾನು ವರದಿ ಕೊಟ್ಟಿದ್ದೆ. ಕೊಳ್ಳುವ ಕಂಪನಿಯ ಲ್ಯಾಬು ಮೆದು ಎಂದು ಮಾಲನ್ನೇ ವಾಪಸು ಕಳಿಸಿತ್ತು.

"ಪಟ್ಟಿ ಒಂದ ಅದ, ಉತ್ತರ ಎರಡು. ಯಾರದು ಖರೆ, ಹೇಳ್ರಿ!"

ಮೇಡಂ ಶಾಂತವಾಗಿ, "ಕೂಡ್ರಿ, ಚಾ ತೊಗೋರಿ. ನಿಮ್ಮ ಎದುರಿಗೇ ನೋಡೋಣು," ಎಂದು ಆ ಲ್ಯಾಬಿಗೆ ಫೋನು ಮಾಡಿ ಮರಾಠಿಯಲ್ಲಿ ವಿಚಾರಿಸಿದರು.

ಯಂತ್ರದ ವಜ್ರದ ಮೊನೆ ಒತ್ತಿದಾಗ ಬೀಳುವ ಗುರುತಿನ ಅಳತೆಯಿಂದ ಗಡಸುತನ ತಿಳಿಯುತ್ತದೆ. ಎಷ್ಟು ಭಾರದಿಂದ ಒತ್ತಬೇಕೆಂದು ಕಂಪನಿ ತಿಳಿಸಿರಲಿಲ್ಲ. ನಾನು ತೀರಾ ಕಡಿಮೆ ಭಾರ ಹಾಕಿದ್ದೆ. ಅಷ್ಟು ಚಿಕ್ಕ ಗುರುತಿನಲ್ಲಿ ಲೋಹ ಇದ್ದದ್ದಕ್ಕಿಂತ ಗಡಸಾಗಿ ಕಾಣುತ್ತದೆ. ಹೊಳಪಿಗಾಗಿ ಉಜ್ಜಿದಾಗ ಬಿಗಿದು ಗಡಸಾಗುವ ಮೇಲ್ಪದರದ ಪರಿಣಾಮವೂ ಅದಕ್ಕೆ ಸೇರಿಕೊಳ್ಳುತ್ತದೆ. ಫೋನಿನಲ್ಲಿ ತಿಳಿದಂತೆ, ಆ ಲ್ಯಾಬಿನವರು ಹೆಚ್ಚು ಭಾರ ಹಾಕಿದ್ದರು. ಪರೀಕ್ಷೆಗೆಂದು ತೆಳು ಪಟ್ಟಿಯ ಅಡಿಯಲ್ಲಿಟ್ಟಿದ್ದ ಪ್ಲಾಸ್ಟಿಕ್ ಆಸರೆಯೇ ಕುಸಿದು, ಪಟ್ಟಿ ಮೆದುವಾಗಿ ಕಂಡಿತ್ತು.

"ಯಾರೂ ಸುಳ್ಳು ಹೇಳಿಲ್ರಿ," ಎಂದರು ಮೇಡಂ. "ಒತ್ತಿದ ರೀತಿ ಬ್ಯಾರೆ. ಈಗ ಇಬ್ಬರೂ ಒಂದೇ ರೀತಿ ಒತ್ತತೀವಿ."

ಅವರೇ ಯಂತ್ರದ ಮುಂದೆ ಕೂರುತ್ತಾರೆಂದುಕೊಂಡೆ. ಕುರ್ಚಿಯನ್ನು ನನ್ನ ಕಡೆ ಸರಿಸಿದರು. "ನೀನ ಮಾಡವ್ವಾ. ನಾ ಇಲ್ಲೇ ಇರತೀನಿ."

ಪಟ್ಟಿಯನ್ನು ಮೆಲ್ಲಗೆ, ನುಣುಪಾದ ಬಟ್ಟೆಯ ಮೇಲೆ ಮತ್ತೆ ಉಜ್ಜಿದೆ. ಎರಡೂ ಲ್ಯಾಬು ಒಪ್ಪಿದ ನಡುವಿನ ಭಾರ ಹಾಕಿದೆ. ಮೇಡಂ ಒಮ್ಮೆಯೂ ಕೈ ಹಾಕಲಿಲ್ಲ; ಕಾರ್ಖಾನೆಯವರೊಡನೆ ಬೆಳಗಾವಿಯ ಸಿಹಿ ಕುಂದಾದ ಬಗ್ಗೆ ಮಾತಾಡುತ್ತ ಆತನ ಕಣ್ಣು ನನ್ನ ಮೇಲೆ ಬೀಳದಂತೆ ನೋಡಿಕೊಂಡರು. ನನ್ನ ಸಂಖ್ಯೆ ಮೊದಲಿನದಕ್ಕಿಂತ ತುಸು ಇಳಿಯಿತು, ಆದರೂ ಕಂಪನಿ ಕೇಳಿದ ಮಿತಿಯೊಳಗಿತ್ತು. ಮಧ್ಯಾಹ್ನದ ಹೊತ್ತಿಗೆ ಆ ಲ್ಯಾಬಿನಿಂದಲೂ ಹೆಚ್ಚುಕಡಿಮೆ ಅದೇ ಉತ್ತರ ಬಂತು. ಮಾಲನ್ನು ತೆಗೆದುಕೊಳ್ಳಲು ಕಂಪನಿ ಒಪ್ಪಿತು.

"ಮುಂಜಾನೆ ಜೋರು ಮಾಡಿದೆ, ಮನಸ್ಸಿಗೆ ಹಚ್ಕೋಬ್ಯಾಡ್ರಿ ತಂಗಿ," ಎಂದರು ಕಾರ್ಖಾನೆಯವರು.

ಮೇಡಂ ಈಗ ನಿವೃತ್ತರಾಗಿ ಪುಣೆಯ ಕೋಥರೂಡದಲ್ಲಿದ್ದಾರೆ. ಅಂದು ಯಂತ್ರವನ್ನು ಅವರೇ ವಹಿಸಿಕೊಂಡಿದ್ದರೆ ಕೆಲಸ ಬೇಗ ಮುಗಿಯುತ್ತಿತ್ತು, ನನಗೆ ಮಾತ್ರ ಮತ್ತೆ ಅದರ ಮುಂದೆ ಕೂರುವ ಧೈರ್ಯ ಬರುತ್ತಿರಲಿಲ್ಲ. ಇದನ್ನು ಅವರಿಗೇ ಹೇಳೋಣವೆಂದು ಹೋದ ದೀಪಾವಳಿಗೆ ಅವರ ಮನೆಗೆ ಹೋಗಿದ್ದೆ. ಕೇಳಿ ನಕ್ಕರು. "ಊಟಾ ಮಾಡ್ಕೊಂಡ ಹೋಗ," ಎಂದು ತಟ್ಟೆ ಹಾಕಿದರು.