ಮಾಸ್ತರ್ ಕ್ಲಾರಿನೆಟ್ ಎತ್ತಿದ್ದರೇ?

ಹಲ್ಲುನೋವಿಗೆಂದು ಹೆಂಡತಿ ಲವಂಗದ ಎಣ್ಣೆಯಲ್ಲಿ ಅದ್ದಿದ ಹತ್ತಿ ಕೊಟ್ಟಳು. ದವಡೆಗೆ ಇಟ್ಟುಕೊಂಡೆ. ನೋವು ಕಡಿಮೆಯಾಯಿತೋ ಇಲ್ಲವೋ, ಎದೆ ಮಾತ್ರ ಹೊಡೆದುಕೊಳ್ಳತೊಡಗಿತು. ಆ ವಾಸನೆ ಮಾಸ್ತರರದು. ಉಮರ್ಗಾದ ನಮ್ಮ ಮದುವೆ ಬ್ಯಾಂಡಿನಲ್ಲಿ ಅವರು ಕ್ಲಾರಿನೆಟ್ ನುಡಿಸುತ್ತಿದ್ದರು. ವಾದ್ಯದ ಬಾಯಿಗೆ ಸಿಕ್ಕಿಸುವ ತೆಳು ರೀಡುಗಳನ್ನು ಹಳೆಯ ತಂಬಾಕಿನ ಡಬ್ಬಿಯಲ್ಲಿ ನಾಲ್ಕಾರು ಲವಂಗದ ಜೊತೆ ಇಡುತ್ತಿದ್ದರು. ಅವರ ಎಡಕ್ಕೆ ನಿಂತು ಡ್ರಮ್ ಬಾರಿಸುವಾಗ ಮೊದಲು ಬರುತ್ತಿದ್ದದ್ದು ಆ ವಾಸನೆ, ಆಮೇಲೆ ರಾಗ...

ಅದೇ ವಾರ ಆ ಬ್ಯಾಂಡಿನಲ್ಲಿ ಢೋಲ್ ಬಾರಿಸುತ್ತಿದ್ದ ಮಾಮಾನ ಫೋನೂ ಬಂತು. ಫೋನ್ ಮೊದಲೋ ಹಲ್ಲುನೋವು ಮೊದಲೋ, ಈಗ ಖಾತ್ರಿಯಿಲ್ಲ. ನಾನು ಸೊಲ್ಲಾಪುರದಲ್ಲಿ ಕಾಲೇಜಿನ ಮಕ್ಕಳಿಗೆ ಇತಿಹಾಸ ಹೇಳುವವನು. ಎರಡನೆಯ ಸಾಕ್ಷಿ ಸಿಗದ ಹೊರತು ಯಾರ ನೆನಪನ್ನೂ ನಂಬಬೇಡಿ ಎಂದು ಪ್ರತಿ ವರ್ಷ ಮೊದಲ ತರಗತಿಯಲ್ಲೇ ಹೇಳುತ್ತೇನೆ. ನನ್ನ ನೆನಪಿನ ಮಾತು ಬಂದಾಗ ಮಾತ್ರ ಆ ಎರಡನೆಯ ಸಾಕ್ಷಿಯನ್ನು ಮೂವತ್ತು ವರ್ಷಕ್ಕೂ ಮೇಲೆ ನಾನು ಹುಡುಕಿರಲಿಲ್ಲ.

“ಏ ಪ್ರೊಫೆಸರ್, ಖಡು ಬಿಟ್ಟು ಬ್ಯಾರೆ ಏನರೆ ಹಿಡಿಲಾಕ ಬರ್ತದೋ ಇಲ್ಲೋ ಇನ್ನ?” ಎಂದ ಮಾಮಾ. ಖಡು ಎಂದರೆ ಸೀಮೆಸುಣ್ಣ. ಮಾಮಾನ ಕನ್ನಡದಲ್ಲಿ ಅರ್ಧ ಮರಾಠಿ. “ಉದಗೀರದಾಗ ಮಾಸ್ತರ್ ಮೊಮ್ಮಗಳ ಲಗ್ನ ಅದ. ಡಿಜೆ ಹೇಳ್ಯಾರ, ಆದರ ಹನುಮಾನ ಗುಡಿಯಿಂದ ಮಂಟಪದ ತನಕ ಅಪ್ಪನ ಬ್ಯಾಂಡಿನವರೇ ಬಾರಿಸ್ಬೇಕಂತಾಳ ಮಾಸ್ತರ್ ಮಗಳು. ಉಳಿದವರು ಯಾರ್ ಹೇಳು? ನಾ, ನೀ, ಟ್ರಂಪೆಟ್ ಕಾಕಾ. ಮೂರೇ ಮಂದಿ.”

ಮಾಸ್ತರ್ ತೀರಿಹೋಗಿ ಆಗಲೇ ವರ್ಷ ಕಳೆದಿತ್ತು. ಮಣ್ಣಿಗೆ ನಾನು ಹೋಗಿರಲಿಲ್ಲ. ಪರೀಕ್ಷೆಯ ಕೆಲಸ ಇದೆ ಎಂದು ಹೇಳಿದ್ದೆ. ಇತ್ತೇ? ಈಗ ಯೋಚಿಸಿದರೆ ಅದೂ ಖಾತ್ರಿಯಿಲ್ಲ.

ಉಮರ್ಗಾದಲ್ಲಿ ನಮ್ಮ ತಂದೆಯವರದು ಕಾಳಿನ ಅಡತಿ ಅಂಗಡಿ. ಇಷ್ಟಲಿಂಗ ಪೂಜೆಯಾಗದೆ ಬಾಯಿಗೆ ನೀರು ಹಾಕದ ಮನೆತನ. ಅಂಥ ಮನೆಯ ಹುಡುಗ ಮದುವೆ ಬ್ಯಾಂಡಿನಲ್ಲಿ ಕೆಂಪು ಕೋಟು ಹಾಕಿಕೊಂಡು ಗಲ್ಲಿ ಗಲ್ಲಿ ತಿರುಗುವುದು ಅಪ್ಪನಿಗೆ ಸರಿಬೀಳಲಿಲ್ಲ. ಆದರೆ ಮಾಸ್ತರ್ ಜೋಳ ಕೊಳ್ಳಲು ಬರುವವರು. ಗಲ್ಲಾಪೆಟ್ಟಿಗೆಯ ಹಿಂದೆ ಕೂತು ನಾನು ಎಣ್ಣೆಯ ಡಬ್ಬದ ಮೇಲೆ ಬಡಿಯುವುದನ್ನು ನೋಡಿ ಅಪ್ಪನಿಗೆ ಏನು ಹೇಳಿದರೋ, ಅಪ್ಪ ಒಪ್ಪಿಕೊಂಡರು. ಮಾಸ್ತರ್ ನನ್ನ ಮುಂದಿನಿಂದ ಡಬ್ಬ ತೆಗೆದಿಟ್ಟು, ತೊಗರಿಯ ಚೀಲ ಉರುಳಿಸಿದರು. “ಇದರ ಮ್ಯಾಲ ಕಲಿ. ಸದ್ದು ಬರಲಾರದ ಕಡಿ ಬಾರಿಸಿದರ ಕೈ ಸುಳ್ಳು ಹೇಳೋದು ಬಿಡ್ತದ,” ಎಂದರು. ಎರಡು ತಿಂಗಳು ಆ ಚೀಲವನ್ನು ಬಡಿದೆ. ತೊಗರಿ ನುಚ್ಚಾಯಿತು ಎಂದು ಅಪ್ಪ ಗೊಣಗಿದ್ದು ನೆನಪಿದೆ. ಚೀಲದ ತೊಗರಿ ಹಾಗೆ ನುಚ್ಚಾಗುತ್ತದೆಯೇ ಎಂಬ ಅನುಮಾನವೂ ಇದೆ.

ಮಾಸ್ತರರದು ಸಣಕಲು ಮೈ, ಮಾತು ಕಡಿಮೆ. ಕೋಟಿನ ಒಂದು ಭುಜದ ಜರಿ ಯಾವಾಗಲೋ ಉದುರಿತ್ತು. ಅದನ್ನು ಅವರು ಹೊಲಿಸಲೇ ಇಲ್ಲ. ಅವರದು ಒಂದು ಕಟ್ಟಳೆಯಿತ್ತು. ಮೆರವಣಿಗೆಯ ದಿನ ಮುಂಜಾನೆ ದಾರಿಯನ್ನು ಒಬ್ಬರೇ ನಡೆದು ಬರುವುದು. ಚಹಾದಂಗಡಿಯಲ್ಲಿ, ಕ್ಷೌರದಂಗಡಿಯಲ್ಲಿ ವಿಚಾರಿಸಿ, ಯಾವ ಮನೆಯಲ್ಲಿ ಸೂತಕ ಇದೆ ಎಂದು ತಿಳಿದುಕೊಳ್ಳುವುದು. ಸಾವಾದ ಮನೆಯ ಮುಂದೆ ಬ್ಯಾಂಡು ಬಾರಿಸಬಾರದು, ಸುಮ್ಮನೆ ನಡೆದು ದಾಟಬೇಕು. ಆ ಮನೆ ಯಾವುದೆಂದು ನಮಗೆ ಮೊದಲೇ ಹೇಳುತ್ತಿರಲಿಲ್ಲ. “ಹೇಳಿದರ ನೀವು ಮನಿ ಹುಡುಕ್ತೀರಿ. ನನ್ನ ನೋಡ್ರಿ ಸಾಕು,” ಎನ್ನುತ್ತಿದ್ದರು. ಮನೆ ಹತ್ತಿರ ಬಂದಾಗ ಅವರು ನುಡಿಸುವುದು ನಿಲ್ಲಿಸಿ ಕ್ಲಾರಿನೆಟ್ಟನ್ನು ತಲೆಯ ಮೇಲೆ ನೆಟ್ಟಗೆ ಎತ್ತುತ್ತಿದ್ದರು. ಎಲ್ಲರೂ ಬಂದ್.

ನುಡಿಸುವುದನ್ನು ಅವರು ಇನ್ನೊಂದು ಸಂದರ್ಭದಲ್ಲೂ ನಿಲ್ಲಿಸುತ್ತಿದ್ದರು. ಡ್ರಮ್ಮಿನವನಿಗೆ ಒಬ್ಬನಿಗೇ ಬಾರಿಸಲು ಬಿಟ್ಟುಕೊಡುವಾಗ. ಆಗ ಕ್ಲಾರಿನೆಟ್ ಮೇಲೆ ಹೋಗುವುದಿಲ್ಲ, ಮೊಣಕಾಲ ಕಡೆಗೆ ಇಳಿಯುತ್ತದೆ. ಟ್ರಂಪೆಟ್ಟೂ ನಿಲ್ಲುತ್ತದೆ, ಢೋಲ್ ಮಾತ್ರ ಕೆಳಗಿನಿಂದ ಮೆಲ್ಲಗೆ ಗುಮ್ಮ ಗುಮ್ಮ ಎನ್ನುತ್ತಲೇ ಇರುತ್ತದೆ. ಮೇಲೆ ಹೋದರೆ ಮೌನ, ಕೆಳಗಿಳಿದರೆ ನನ್ನ ಸರದಿ. ಇಷ್ಟೇ. ಇಷ್ಟನ್ನು ತಪ್ಪಿಸಲು ಸಾಧ್ಯವೇ ಎಂದು ನೀವು ಕೇಳಬಹುದು.

ಅದು ನಿಲಂಗಾದಲ್ಲಿ, ಬಟ್ಟೆ ವ್ಯಾಪಾರಿಯೊಬ್ಬರ ಮನೆಯ ಮದುವೆ. ಮಟಮಟ ಮಧ್ಯಾಹ್ನ, ಇಕ್ಕಟ್ಟಾದ ಗಲ್ಲಿ. ಮುಂದಿನ ತಿಂಗಳು ನಾನು ಎಂ.ಎ. ಓದಲು ವಿಶ್ವವಿದ್ಯಾಲಯಕ್ಕೆ ಹೊರಡುವವನಿದ್ದೆ. ಮೇಲಿನ ಮಹಡಿಯ ಹಸಿರು ಕಟಕಟೆಗೆ ಆತು ನಾಲ್ಕೈದು ಹುಡುಗಿಯರು ನೋಡುತ್ತಿದ್ದರು. ನಾನು ಅವರ ಕಡೆ ಮುಖ ಮಾಡಿದ್ದೆ. ಕ್ಲಾರಿನೆಟ್ ನಿಂತಿತು, ಟ್ರಂಪೆಟ್ ನಿಂತಿತು. ನನ್ನ ಸರದಿ ಬಂತೆಂದು ಬಾರಿಸಿದೆ. ಆವರೆಗೆ ಹಾಗೆ ಬಾರಿಸಿರಲಿಲ್ಲ, ಆಮೇಲೂ ಇಲ್ಲ. ಎಷ್ಟು ಹೊತ್ತು ಬಾರಿಸಿದೆನೋ... ಒಂದು ಬಾಗಿಲು ತೆರೆಯಿತು. ಬಿಳಿ ಸೀರೆಯ ಹೆಂಗಸೊಬ್ಬಳು ಹೊಸ್ತಿಲಲ್ಲಿ ನಿಂತು ನನ್ನನ್ನೇ ನೋಡಿದಳು. ಅವಳ ಹಿಂದಿನಿಂದ ಮೂವರು ಗಂಡಸರು ನುಗ್ಗಿ ಬಂದರು.

ಗದ್ದಲದಲ್ಲಿ ಅವರು ಮಾಸ್ತರರ ಕೊರಳಪಟ್ಟಿ ಹಿಡಿದರು. ಬ್ಯಾಂಡಿನ ಮಾಲೀಕರು ಓಡಿಬಂದು ಬಿಡಿಸಿ, ಎಲ್ಲರ ಎದುರಿಗೇ ಕೇಳಿದರು: “ತಪ್ಪು ಯಾರದು?” ಮಾಮಾ, “ನಾ ಹಿಂದ ಇದ್ದೆ, ಏನೂ ಕಾಣಲಿಲ್ಲ” ಎಂದ. ಟ್ರಂಪೆಟ್ಟಿನ ಕಾಕಾ ನೆಲ ನೋಡಿದರು. ನಾನು ಹೇಳಿದೆ: “ಮಾಸ್ತರ್ ಎತ್ತಲಿಲ್ಲ.”

ಮಾಸ್ತರ್ ನನ್ನ ಕಡೆ ಒಮ್ಮೆ ನೋಡಿದರು. ಆಮೇಲೆ, “ಹೌದ್ರಿ. ಮರತೆ,” ಎಂದರು.

ಮರುವಾರದಿಂದ ಇನ್ನೊಬ್ಬ ಕ್ಲಾರಿನೆಟ್ಟಿನವನು ಬ್ಯಾಂಡಿನ ಮುಂದೆ ನಡೆದ. ಮಾಸ್ತರ್ ಆ ಹಂಗಾಮು ಮುಗಿಯುವ ಮೊದಲೇ ಉದಗೀರಕ್ಕೆ ಹೋಗಿ ಭಾವಮೈದುನನ ಜೊತೆ ಹೊಲಿಗೆ ಯಂತ್ರ ರಿಪೇರಿಗೆ ಕೂತರು. ಬೀದಿಯಲ್ಲಿ ಮತ್ತೆ ನುಡಿಸಲಿಲ್ಲ ಎಂದು ಕೇಳಿದ್ದೇನೆ. ನಾನು ಎಂ.ಎ. ಮಾಡಿದೆ, ಸಂಶೋಧನೆ ಮಾಡಿದೆ, ಸಾಕ್ಷ್ಯಗಳ ಬಗ್ಗೆ ಲೇಖನ ಬರೆದೆ. ಅವರು ಎತ್ತಿದ್ದರೇ ಇಲ್ಲವೇ? ಮುಂಜಾನೆ ದಾರಿ ನಡೆದು ಬಂದವರು ಮಧ್ಯಾಹ್ನಕ್ಕೆ ಮರೆಯುತ್ತಾರೆಯೇ? ಮನುಷ್ಯರು ಮರೆಯುತ್ತಾರಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಉತ್ತರ ಒಂದೇ ವಿಷಯದಲ್ಲಿ ಇತ್ತು. ನಾನು ಒಬ್ಬನೇ ಬಾರಿಸುವಾಗ ಕೆಳಗಿನಿಂದ ಢೋಲ್ ಕೇಳುತ್ತಿತ್ತೇ? ಕೇಳುತ್ತಿದ್ದರೆ ಮಾಮಾನಿಗೂ ಸನ್ನೆ ಸಿಕ್ಕಿಲ್ಲ, ಮಾಸ್ತರ್ ಎತ್ತಿಲ್ಲ. ನಿಂತಿದ್ದರೆ... ಕೆಲವು ಸಲ ನೆನಪಿನಲ್ಲಿ ಢೋಲ್ ಕೇಳುತ್ತದೆ, ಕೆಲವು ಸಲ ಕೇಳುವುದಿಲ್ಲ.

ಮದುವೆಗೆ ಎರಡು ದಿನ ಮೊದಲೇ ಉಮರ್ಗಾಕ್ಕೆ ಹೋದೆ. ಮಾಮಾನದು ಈಗ ಹಿಟ್ಟಿನ ಗಿರಣಿ. ಅವನ ಹುಬ್ಬಿನ ಮೇಲೂ ಹಿಟ್ಟು. ಕಾಕಾನಿಗೆ ಮುಂದಿನ ಹಲ್ಲಿಲ್ಲ. ಕಟ್ಟಿಸಿಕೊಂಡ ಹಲ್ಲು ಹಾಕಿಕೊಂಡು ಟ್ರಂಪೆಟ್ ಊದಿದರೆ ಸ್ವರಕ್ಕಿಂತ ಮೊದಲು ಹಲ್ಲು ಹೊರಗೆ ಬರುತ್ತದೆ ಎಂದು ಮಾಮಾ ನಕ್ಕ.

“ನಿನ್ನ ಢೋಲಿಗೆ ಹಿಟ್ಟ ಹತ್ಯದ, ಬಾರಿಸಿದರ ಭಕ್ರಿ ಆಗ್ತದ, ಸುಮ್ಮನಿರು,” ಎಂದರು ಕಾಕಾ.

ನಾನು ಡ್ರಮ್ ಕೊರಳಿಗೆ ಹಾಕಿಕೊಂಡೆ. ಮೊದಲ ಸುತ್ತಿನಲ್ಲೇ ಲಯ ಓಡಿಹೋಯಿತು. ಮಾಮಾ ಢೋಲನ್ನು ಸ್ವಲ್ಪ ನಿಧಾನಕ್ಕೆ ಎಳೆದ; ನಾನು ಗೊತ್ತಿಲ್ಲದೆಯೇ ಅದರ ಮೇಲೆ ಬಂದು ಕೂತೆ. ಆ ಗಿರಣಿಯ ಧೂಳಿನಲ್ಲಿ ಇವರಿಬ್ಬರ ನಡುವೆ ನನಗೆ ಹಿಡಿಸಿದ ಸಂತೋಷವನ್ನು ಹೇಳಿಕೊಳ್ಳಲು ನನಗೆ ಈಗಲೂ ನಾಚಿಕೆ. ಇಷ್ಟು ವರ್ಷ ಒಂದು ಪತ್ರ ಬರೆಯದವನಿಗೆ ಇವರು ಜಾಗ ಇಟ್ಟುಕೊಂಡಿದ್ದರು. ಎಡಗಡೆ, ಢೋಲಿಗೆ ಒಂದು ಹೆಜ್ಜೆ ಮುಂದೆ, ಅದೇ ಜಾಗ.

ಉದಗೀರಕ್ಕೆ ಹೊರಟ ನಮ್ಮ ಜೀಪು ನಿಲಂಗಾ ದಾಟುವಾಗ ನನ್ನಿಂದ ತಡೆಯಲಾಗಲಿಲ್ಲ. ಆ ಗಲ್ಲಿ, ಆ ಹಸಿರು ಕಟಕಟೆಯ ಮಹಡಿ ಈಗಲೂ ಇದೆಯೇ ಎಂದು ಶುರು ಮಾಡಿದೆ.

“ಯಾವ ಮಹಡಿ?” ಎಂದರು ಕಾಕಾ. “ಆ ಗಲ್ಲ್ಯಾಗ ಎಲ್ಲಾ ತಗಡಿನ ಮನಿ. ಹುಡುಗ್ಯಾರು ಕಟ್ಟಿ ಮ್ಯಾಲ ನಿಂತಿದ್ದರು.”

ಮಹಡಿಯೇ ಇರಲಿಲ್ಲವೆಂದರೆ ಉಳಿದದ್ದರ ಗತಿ? “ಕಾಕಾ, ಅವತ್ತು ಮಾಸ್ತರ್ ಎತ್ತಿದ್ದರೇನು?”

“ಎತ್ತಿದ್ದ ಅನ್ನಸ್ತದಪ್ಪ. ಖರೆ ನನಗ ಮುಂಜಾನಿ ಏನ್ ತಿಂದೆ ಅಂಬೋದೇ ನೆನಪಿಲ್ಲ ಈಗ.”

ಮಾಮಾನ ಕಡೆ ತಿರುಗಿದೆ. ಅವನು ಡ್ರೈವರನಿಗೆ, “ಔರಾದ ಫಾಟ್ಯಾದಾಗ ನಿಲ್ಲಿಸಪ್ಪ, ಚಹಾ ಕುಡಿಯಮು,” ಎಂದ.

ಉದಗೀರದಲ್ಲಿ ಮಾಸ್ತರರ ಮಗಳು ಬಾಗಿಲಿಗೆ ಬಂದಳು. ಅಪ್ಪನದೇ ಸಣಕಲು ಮೈ. “ನಮ್ಮ ಡ್ರಮ್ಮಿನಂವ ಪ್ರೊಫೆಸರ್ ಆಗ್ಯಾನ ಅಂತ ಅಪ್ಪ ಗಿರಾಕಿಗೋಳಿಗೆಲ್ಲ ಹೇಳ್ತಿದ್ದರ್ರೀ,” ಎಂದಳು. ಒಳಗಿನಿಂದ ತಂಬಾಕಿನ ಡಬ್ಬಿ ತಂದು ನನ್ನ ಕೈಗಿಟ್ಟಳು. “ನಿಮಗ ಕೊಡಬೇಕಂತ ಹೇಳಿದ್ದರು.” ಮುಚ್ಚಳ ತೆಗೆಯಲು ನನಗೆ ಧೈರ್ಯವಾಗಲಿಲ್ಲ. ಜೇಬಿಗೆ ಹಾಕಿಕೊಂಡೆ. ಆಗಲೇ ಹೇಳಿಬಿಡಬೇಕಿತ್ತು. ಆದರೆ ಏನೆಂದು ಹೇಳಲಿ? ಗೊತ್ತಿಲ್ಲದ್ದನ್ನು ತಪ್ಪೊಪ್ಪಿಗೆ ಮಾಡುವುದು ಹೇಗೆ?

ಕಾಕಾ ಎಲ್ಲಿ ಎಂದು ನೋಡಿದರೆ ಅವರು ಕೆಟ್ಟ ಮೊಣಕಾಲು ಎಳೆಯುತ್ತ ಬೀದಿಯ ತುದಿಯಿಂದ ಬರುತ್ತಿದ್ದರು. ಮಾಸ್ತರರ ಹಾಗೆಯೇ ಮೆರವಣಿಗೆಯ ದಾರಿ ನಡೆದು ವಿಚಾರಿಸಿಕೊಂಡು ಬಂದಿದ್ದರು. ಯಾವ ಮನೆ ಎಂದು ಕೇಳಿದೆ. ಕಾಕಾ ನಕ್ಕರು. “ನನ್ನ ನೋಡು ಸಾಕು.”

ಬಿಸಿಲು ಇಳಿಯುವ ಹೊತ್ತಿಗೆ ಹೊರಟೆವು. ಕುದುರೆಯ ಮೇಲೆ ವರ, ಹಿಂದೆ ನೆಂಟರು, ಎಲ್ಲಕ್ಕೂ ಮುಂದೆ ನಾವು ಮೂವರು ಮುದುಕರು. ಹುಡುಗರು ಮೊಬೈಲ್ ಎತ್ತಿ ನಗುತ್ತಿದ್ದರು. ಎರಡನೆಯ ಸುತ್ತಿಗೆ ಕುಣಿಯತೊಡಗಿದರು. ನನಗೆ ಕುಣಿತ ಕಾಣಲಿಲ್ಲ. ಕಣ್ಣು ಟ್ರಂಪೆಟ್ಟಿನ ಮೇಲೇ ನೆಟ್ಟಿತ್ತು. ರೆಪ್ಪೆ ಮುಚ್ಚಲೂ ಹೆದರಿಕೆ. ಹೀಗೆ ಅರ್ಧ ದಾರಿ ಕಳೆಯಿತು. ಆಗ ಯಾರೋ ಅಳುವ ಸದ್ದು ಕೇಳಿ ತಿರುಗಿ ನೋಡಿದೆ. ಮಾಸ್ತರರ ಮಗಳು ಸೆರಗು ಬಾಯಿಗೆ ಒತ್ತಿಕೊಂಡು ನಮ್ಮ ಪಕ್ಕದಲ್ಲೇ ನಡೆಯುತ್ತಿದ್ದಳು. ಒಂದೇ ಗಳಿಗೆ. ಅಷ್ಟರಲ್ಲಿ ಟ್ರಂಪೆಟ್ ನಿಂತಿತು.

ಮೇಲೆ ಹೋಯಿತೋ, ಕೆಳಗಿಳಿಯಿತೋ, ನಾನು ನೋಡಲಿಲ್ಲ.

ಆದರೆ ಢೋಲೂ ನಿಂತಿತು. ಓಡುವ ಬಸ್ಸು ಗಕ್ಕನೆ ಬ್ರೇಕ್ ಹಾಕಿದಾಗ ಮೈ ಮುಂದಕ್ಕೆ ಬೀಳುತ್ತದಲ್ಲ, ಹಾಗೆ ಬಿದ್ದೆ. ಅಷ್ಟು ಹೊತ್ತು ಪಕ್ಕೆಲುಬನ್ನು ನಡುಗಿಸುತ್ತಿದ್ದದ್ದು ಇದ್ದಕ್ಕಿದ್ದಂತೆ ಇಲ್ಲ. ನನ್ನ ಕೈಗಳು ನನ್ನನ್ನು ಕೇಳದೆಯೇ ಗಾಳಿಯಲ್ಲಿ ನಿಂತವು. ತಲೆ ಎತ್ತಿದರೆ ಕಾಕಾನ ಟ್ರಂಪೆಟ್ ಸಂಜೆಯ ಬಿಸಿಲಿನಲ್ಲಿ ನೆಟ್ಟಗೆ ಮೇಲಿತ್ತು. ಎಡಗಡೆಯ ಮನೆಯ ಮುಂದೆ ಮುದುಕನೊಬ್ಬ ತಲೆ ಬೋಳಿಸಿಕೊಂಡು ಕೂತಿದ್ದ. ನಾವು ಹೆಜ್ಜೆಯ ಸದ್ದು ಮಾತ್ರ ಮಾಡುತ್ತ ದಾಟಿದೆವು. ಅವನು ಕೂತಲ್ಲಿಂದಲೇ ಕೈಮುಗಿದ.

ತಿರುಗಿ ನೋಡಿದೆ. ಮಾಮಾ ನನ್ನನ್ನೇ ನೋಡುತ್ತಿದ್ದ.

ಢೋಲ್ ನಿಂತದ್ದು ಗೊತ್ತಾಗದೆ ಇರಲು ಸಾಧ್ಯವಿಲ್ಲ. ಐವತ್ತು ದಾಟಿದ ನನ್ನ ಮಂದ ಕಿವಿಗೇ ಇಷ್ಟು ಗೊತ್ತಾದದ್ದು ಇಪ್ಪತ್ತರ ಹರೆಯದಲ್ಲಿ ಗೊತ್ತಾಗಲಿಲ್ಲವೇ?

ಮಂಟಪದ ಹಿಂದೆ ಚಹಾ ಕುಡಿಯುವಾಗ ಹೇಳಿದೆ: “ಮಾಮಾ, ಅವತ್ತು ನೀ ನಿಲ್ಲಿಸಿದ್ದಿ.”

“ನಿಲ್ಲಿಸಿದ್ದೆ,” ಎಂದ ಮಾಮಾ, ಬಸಿಗೆ ಸುರಿದುಕೊಂಡ ಚಹಾ ಊದುತ್ತ. “ನೀ ನನ್ನ ಕಡಿ ತಿರುಗಿ ನೋಡಿದ್ದಿ ಸುದ್ದಾ. ನೋಡಿ, ಮತ್ತ ಬಾರಿಸಿದಿ.”

“ಇಷ್ಟು ವರ್ಷ ಯಾಕ ಹೇಳಲಿಲ್ಲ?”

“ಮಾಸ್ತರ್ ಬ್ಯಾಡ ಅಂದಿದ್ದ. ಹುಡುಗ ಓದಲಾಕ ಹೊಂಟಾನ, ಇದೊಂದು ಗಂಟು ಹೊತ್ಕೊಂಡು ಹೋಗೋದು ಬ್ಯಾಡ ಅಂದ. ನಮಗೇನ್, ಮಾಸ್ತರ್ ಮಾತು. ಇಟ್ಕೊಂಡೆವು.” ಒಂದು ಗುಟುಕು ಕುಡಿದು ಸೇರಿಸಿದ: “ಇವತ್ತ ನಿಂತ್ಯಲ್ಲ ಬರೋಬರ್. ಅಷ್ಟೇ ಸಾಕು ಬಿಡು.”

ಸಾಕಾಗಲಿಲ್ಲ. ಮಾಸ್ತರರ ಮಗಳ ಹತ್ತಿರ ಹೋದೆ. ಅವಳು ಮದುಮಗಳ ಪೆಟ್ಟಿಗೆ ಕಟ್ಟುತ್ತ, ಅಳುತ್ತ, ನಗುತ್ತ, “ಊಟ ಮಾಡೇ ಹೋಗ್ಬೇಕ್ರೀ, ಅಪ್ಪ ಇದ್ದಿದ್ದರ ನಿಮ್ಮನ್ನ ಬಿಡ್ತಿದ್ದರಾ?” ಎಂದಳು. ನಾನು ಊಟ ಮಾಡಿದೆ. ಹೇಳದೆ ಬಂದೆ.

ಸೊಲ್ಲಾಪುರಕ್ಕೆ ಮರಳಿ ಡಬ್ಬಿ ತೆರೆದೆ. ಎರಡು ರೀಡು, ಮೂರು ಲವಂಗ. ಲವಂಗ ಒಣಗಿ ಕಡ್ಡಿಯಾಗಿವೆ. ಮೂಗಿನ ಹತ್ತಿರ ಹಿಡಿದರೆ ವಾಸನೆ ಇದೆಯೋ, ಅಥವಾ ನಾನು ಇದೆ ಅಂದುಕೊಳ್ಳುತ್ತಿದ್ದೇನೋ... ಹಲ್ಲನ್ನು ಕೀಳಿಸಿಕೊಂಡಿದ್ದೇನೆ. ಮನೆಯಲ್ಲಿ ಲವಂಗದ ಎಣ್ಣೆಯ ಶೀಶೆ ಮುಚ್ಚಿಟ್ಟಾಗಿದೆ. ತಪ್ಪು ಯಾರದು ಎಂದು ಕೇಳಿದ ಮಾಲೀಕರಿಲ್ಲ, ಕೊರಳಪಟ್ಟಿ ಹಿಡಿದವರು ಯಾರೋ ಎಲ್ಲಿಯೋ, ಕೇಳಿಸಿಕೊಳ್ಳಬೇಕಾದ ಮಾಸ್ತರ್ ಇಲ್ಲವೇ ಇಲ್ಲ. ಈ ಬರಹವನ್ನು ಉದಗೀರಕ್ಕೆ, ಅವರ ಮಗಳಿಗೆ ಕಳಿಸುತ್ತಿದ್ದೇನೆ. ಮಹಡಿ ಇತ್ತೋ ಇಲ್ಲವೋ, ಕಟಕಟೆ ಯಾವ ಬಣ್ಣದ್ದೋ, ಅವೆಲ್ಲ ನನ್ನ ಮಟ್ಟಿಗೆ ಈಗಲೂ ಅನುಮಾನವೇ. ಒಂದು ಮಾತ್ರ ಅಲ್ಲ.

ಅವತ್ತು ನಿಲಂಗಾದಲ್ಲಿ ಮಾಸ್ತರ್ ಕ್ಲಾರಿನೆಟ್ ಎತ್ತಿದ್ದರು. ನಾನು ನೋಡಲಿಲ್ಲ. ಆದರೆ ಢೋಲ್ ನಿಂತದ್ದು ನನಗೆ ಗೊತ್ತಾಗಿತ್ತು.